ಏಳು ಬೆಟ್ಟದ ತೀರ್ಪುಗಾರ್ತಿ

ಚಿಂತಾಮಣಿ ಸುತ್ತಿನ ಹಳ್ಳಿಗಳಲ್ಲಿ ವಾಲಿಬಾಲ್ ಪಂದ್ಯ ಇಟ್ಟರೆ ತೀರ್ಪು ಕೊಡಲು ಮಧುಸೂದನ್ ಮೇಷ್ಟ್ರೇ ಬರಬೇಕು ಎನ್ನುವ ಕಾಲವೊಂದಿತ್ತು. ಒಂದು ಸಲ ಫೈನಲ್‌ನಲ್ಲಿ ಅವರ ಬೀದಿಯ ತಂಡವೇ ಆಡುತ್ತಿತ್ತು. ಆ ತಂಡ ಹೊಡೆದ ಕೊನೆಯ ಚೆಂಡು ಗೆರೆಯಿಂದ ಬೆರಳಗಲ ಆಚೆ ಬಿತ್ತು. ಮೇಷ್ಟ್ರು ಕೈಯೆತ್ತಿ ಎದುರಿನವರಿಗೆ ಪಾಯಿಂಟ್ ಕೊಟ್ಟರು. ಬೀದಿಯ ಹುಡುಗರು ಮುಖ ತಿರುಗಿಸಿಕೊಂಡು ಹೋದರು. ಮನೆಗೆ ಬಂದರೆ ಹೆಂಡತಿಯದೂ ಅದೇ ಮಾತು.

"ಆ ಒಂದು ಪಾಯಿಂಟು ನಮ್ಮೋರಿಗೇ ಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನನ್ನ ಗಂಟು ಏನೂ ಹೋಗ್ತಿರಲಿಲ್ಲ ಕಣೇ. ಮುಂದಿನ ವರ್ಷ ನಮ್ಮೂರಿಗೆ ಆಡೋಕೆ ಯಾರೂ ಬರ್ತಿರಲಿಲ್ಲ, ಅಷ್ಟೇ," ಎಂದು ಮೇಷ್ಟ್ರು ಕಾಲು ತೊಳೆಯಲು ಹೋದರು.

ಅವರ ಮಗಳು ಸಂಘಮಿತ್ರ ಆಗ ಏಳನೆಯ ತರಗತಿ. ಅಪ್ಪನ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಅಂಗಳದಲ್ಲಿ ಕುಂಟೆಬಿಲ್ಲೆಗೂ ತೀರ್ಪು ಕೊಡುತ್ತಿದ್ದ ಹುಡುಗಿ. ಅವಳ ತೀರ್ಪಿಗೆ ತಕರಾರು ಹೇಳಿದವರಿಗೆ, ಯಾಕೆ ಔಟ್ ಎಂದು ಬಿಡಿಸಿ ಹೇಳುವವರೆಗೂ ಆಟ ಮುಂದಕ್ಕೆ ಬಿಡುತ್ತಿರಲಿಲ್ಲ. ಗೆಳತಿಯರಿಗೆ ಅದು ತಲೆನೋವು. ಆದರೆ ಅವಳಿಲ್ಲದೆ ಆಡಿದ ದಿನ ಜಡೆ ಹಿಡಿದು ಜಗಳವಾಗುತ್ತಿತ್ತಾದ್ದರಿಂದ ಮತ್ತೆ ಅವಳನ್ನೇ ಕರೆಯುತ್ತಿದ್ದರು.

ಕಾಲೇಜಿಗೆ ಬಂದ ಮೇಲೆ ಅವಳಿಗೆ ‘ಏಳು ಬೆಟ್ಟ’ದ ಹುಚ್ಚು ಹಿಡಿಯಿತು. ಅದು ಫೋನಿನಲ್ಲಿ ಆಡುವ ಆಟ. ಬೆಟ್ಟಕ್ಕೊಂದು ತಂಡ. ಕೋಟೆ ಕಟ್ಟಬೇಕು, ಕೆರೆ ತೋಡಬೇಕು, ರಾಗಿ ದ್ರಾಕ್ಷಿ ಬೆಳೆಯಬೇಕು, ಮೇಲಿನ ಕೆರೆ ಕೋಡಿ ಬಿದ್ದಾಗ ನೀರು ಯಾರಿಗೆ ಎಂದು ಕಿತ್ತಾಡಬೇಕು. ವರ್ಷಕ್ಕೊಮ್ಮೆ ‘ಮಹಾ ಮುತ್ತಿಗೆ’ ನಡೆದು ಒಂದು ತಂಡ ಏಳೂ ಬೆಟ್ಟದ ಒಡೆತನ ಗೆಲ್ಲುತ್ತದೆ. ಗೌರಿಬಿದನೂರಿನ ಗಂಗಾಧರ್ ಮತ್ತು ಅವನ ಸಹಪಾಠಿ ಚಲಪತಿ ಸೇರಿ ಮಾಡಿದ ಆಟ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ, ಪೈಪು ನಲ್ಲಿ ಮಾರುವ ಅಂಗಡಿಯ ಮೇಲಿನ ಮಹಡಿಯೇ ಅವರ ಕಚೇರಿ.

ಒಂದು ದಿನ ಆಟದಲ್ಲಿ ಏನೋ ಎಡವಟ್ಟಾಗಿ ಎಷ್ಟೋ ಜನರ ಬೆಳೆ ರಾತ್ರೋರಾತ್ರಿ ಮಾಯವಾಯಿತು. ಗಲಾಟೆ ಮಾಡಿದವರಿಗೆಲ್ಲ ಕಂಪನಿಯವರು ಬೆಳೆ ಹಿಂದಿರುಗಿಸಿದರು. ಸಂಘಮಿತ್ರಳಿಗೂ ಸಿಕ್ಕಿತು. ಅವಳು ಸುಮ್ಮನಾಗಲಿಲ್ಲ. "ಕೂಗಿದವರಿಗೆ ಬೆಳೆ ಕೊಟ್ಟಿರಿ. ಕೂಗದೆ ಕೂತವರದೂ ಅದೇ ಬೆಳೆ ಅಲ್ಲವೇ?" ಎಂದು ಬರೆದಳು. ಗಂಗಾಧರ್ ಆ ಸಾಲನ್ನು ಓದಿ, ಕಳೆದುಕೊಂಡವರಿಗೆಲ್ಲ ಬೆಳೆ ಕೊಡಿಸಿದ. ಮರುವಾರ ಅವಳಿಗೇ ಫೋನು ಮಾಡಿದ.

"ನೋಡಮ್ಮ, ನಾವು ಬರೆಯೋ ಉತ್ತರಕ್ಕಿಂತ ನೀನು ಬರೆಯೋ ದೂರೇ ಚೆನ್ನಾಗಿದೆ. ಉತ್ತರಾನೂ ನೀನೇ ಬರಿ ಬಾ."

ಹೀಗೆ ಡಿಗ್ರಿ ಮುಗಿದ ಕೂಡಲೇ ಅವಳು ಆಟದ ದೂರು ವಿಭಾಗಕ್ಕೆ ಸೇರಿದಳು. ವಿಭಾಗ ಎಂದರೆ ಅವಳೊಬ್ಬಳೇ. ದೂರು ಕೊಟ್ಟವರಿಗೆಲ್ಲ ಹೆಸರು ಹಿಡಿದು ಉತ್ತರ ಬರೆಯುವಳು. ತಪ್ಪು ಕಂಪನಿಯದಾದರೆ ‘ತಪ್ಪು ನಮ್ಮದು’ ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಳ್ಳುವಳು. ತಪ್ಪು ಆಟಗಾರರದಾದರೆ, ಎಷ್ಟು ಗೋಗರೆದರೂ ಕರಗುತ್ತಿರಲಿಲ್ಲ. ಅವಳ ಸೋದರಮಾವನ ಮಗ ಮುನೇಶ್ ಕೋಟೆ ಗೋಡೆಯೊಳಗಿಂದ ಪಡೆ ನುಗ್ಗಿಸುವ ಕಳ್ಳ ಪ್ರೋಗ್ರಾಂ ಹಾಕಿಕೊಂಡು ಸಿಕ್ಕಿಬಿದ್ದ. ಅವನ ಖಾತೆಗೆ ಆರು ತಿಂಗಳು ಬೀಗ ಬಿತ್ತು. ಅತ್ತೆಯ ಫೋನು ಬಂತು, ಮಾವನ ಫೋನು ಬಂತು, ಕೊನೆಗೆ ಅಜ್ಜಿ ಗಂಗುಲಮ್ಮನ ಫೋನೂ ಬಂತು.

"ಹುಡುಗ ಅನ್ನ ಮುಟ್ತಿಲ್ಲ ಕಣೇ. ಅದೇನೋ ಬೀಗ ಅಂತೆ, ತೆಗೆದುಬಿಡೇ."

"ಅಜ್ಜಿ, ಬೇರೆಯೋರ ಮೊಮ್ಮಕ್ಕಳಿಗೆ ಆರು ತಿಂಗಳು. ನಿನ್ನ ಮೊಮ್ಮಗನಿಗೂ ಆರು ತಿಂಗಳು. ಹಸಿವಾದ್ರೆ ಉಣ್ತಾನೆ ಬಿಡು."

ಮುನೇಶ್ ಅವತ್ತು ಸಂಜೆಯೇ ಉಂಡ. ಆರು ತಿಂಗಳಾದ ಮೇಲೆ ಬಂದು ನೆಟ್ಟಗೆ ಆಡಿದ.

ವರ್ಷಗಳು ಉರುಳಿದವು. ದೊಡ್ಡ ದೊಡ್ಡ ಕಂಪನಿಗಳ ಕಣ್ಣು ಕೋರೈಸುವ ಆಟಗಳು ಬಂದವು, ಎರಡು ದಿನ ಮೆರೆದವು, ಮುಚ್ಚಿಕೊಂಡು ಹೋದವು. ‘ಏಳು ಬೆಟ್ಟ’ ಹನ್ನೆರಡನೆಯ ವರ್ಷಕ್ಕೆ ಕಾಲಿಟ್ಟಿತು. ಆ ವರ್ಷದ ಮಹಾ ಮುತ್ತಿಗೆಯಲ್ಲೇ ಆ ರಾದ್ಧಾಂತ ನಡೆದದ್ದು.

ಆಟದ ದೊಡ್ಡ ಹೆಸರೆಂದರೆ ಗೌರಿಬಿದನೂರಿನ ಸಿದ್ಧಾರ್ಥ್. ತಾನು ಆಡುವುದನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುತ್ತಿದ್ದ. ಮಾತಿನ ಮಲ್ಲ. ಅವನನ್ನು ನೋಡಿಯೇ ಆಟಕ್ಕೆ ಬಂದವರು ಲೆಕ್ಕವಿಲ್ಲದಷ್ಟು ಜನ. ಅವನ ‘ಸಿಡಿಲು ಪಡೆ’ ಮೂರು ವರ್ಷ ಸತತವಾಗಿ ಗೆದ್ದಿತ್ತು. ಈ ಸಲ ಫೈನಲ್‌ನಲ್ಲಿ ಎದುರಾದದ್ದು ಯಾರೂ ಹೆಸರು ಕೇಳಿರದ ‘ಗೂಡು ಬಳಗ’. ಸಿಡಿಲು ಪಡೆ ಯಾವ ಬಾಗಿಲಿಗೆ ನುಗ್ಗಿದರೂ ಆ ಬಾಗಿಲು ಮುಚ್ಚಿರುತ್ತಿತ್ತು. ಬೆಂಕಿ ಹಚ್ಚಿದ ಕಡೆಗೆ ಕೆರೆ ನೀರು ಮೊದಲೇ ಬಂದಿರುತ್ತಿತ್ತು. ಮಧ್ಯಾಹ್ನದೊಳಗೆ ಸಿದ್ಧಾರ್ಥನ ಕೋಟೆ ಬಿತ್ತು.

"ಇವರು ಮನುಷ್ಯರೇ ಅಲ್ಲ ಕಣ್ರೋ!" ಎಂದು ಸಿದ್ಧಾರ್ಥ್ ಎಲ್ಲರೂ ನೋಡುತ್ತಿದ್ದಂತೆಯೇ ಕೂಗಿದ. "ಒಬ್ಬರೂ ಒಂದು ಮಾತಾಡಲಿಲ್ಲ, ಒಂದು ಮೆಸೇಜ್ ಇಲ್ಲ. ಯಾವುದೋ ಪ್ರೋಗ್ರಾಂ ಆಡಿಸ್ತಿದೆ!"

ಕಳ್ಳಾಟ ಹಿಡಿಯಲೆಂದು ಚಲಪತಿ ಬರೆದಿದ್ದ ‘ಕಾವಲುಗಾರ’ ಎಂಬ ತಪಾಸಣೆ ಕೂಡ ಅದನ್ನೇ ಹೇಳಿತು. ಇಡೀ ತಂಡ ಆಡುತ್ತಿರುವುದು ಒಂದೇ ಇಂಟರ್‌ನೆಟ್ ಲೈನಿನಿಂದ. ತಮ್ಮತಮ್ಮಲ್ಲಿ ಒಂದು ಮಾತೂ ಇಲ್ಲ. ಆದರೂ ಎಲ್ಲರ ನಡೆ ಒಂದೇ ಕ್ಷಣಕ್ಕೆ. ಕಾವಲುಗಾರ ತಾನಾಗಿಯೇ ಗೂಡು ಬಳಗದ ಅಷ್ಟೂ ಖಾತೆಗಳಿಗೆ ಬೀಗ ಜಡಿಯಿತು. ಗೆಲುವು ಸಿದ್ಧಾರ್ಥನ ಹೆಸರಿಗೆ ಹೋಯಿತು. ಜನ ಚಪ್ಪಾಳೆ ತಟ್ಟಿದರು.

ಮರುದಿನ ಬೆಳಗ್ಗೆ ಸಂಘಮಿತ್ರಳಿಗೆ ಒಂದು ಧ್ವನಿ ಸಂದೇಶ ಬಂದಿತ್ತು. ಹಿಂದೆ ಯಂತ್ರಗಳ ಗಡಗಡ, ಮುಂದೆ ಒಬ್ಬ ಹೆಂಗಸಿನ ಕಂಚಿನ ಕಂಠ.

"ಏಮಮ್ಮಾ, ಮೇಮು ದೊಂಗಲಮಾ? ಹೇಳಮ್ಮ, ನಾವು ಕಳ್ಳರಾ? ಮೇಲೂರಿನ ಫಿಲೇಚರ್‌ನಾಗೆ ರೇಷ್ಮೆ ನೂಲು ತೆಗೆಯೋ ಹೆಂಗಸ್ರು ನಾವು. ಗೆದ್ದಿದ್ದು ನಾವು. ಕಳ್ಳರು ಅಂತ ಊರಿಗೆಲ್ಲ ಹೇಳಿದ್ರಲ್ಲ, ಒಂದು ಮಾತು ನಮ್ಮನ್ನ ಕೇಳಿದ್ರಾ? ನನ್ನ ಹೆಸರು ಅಮ್ಮಾಜಮ್ಮ. ಧೈರ್ಯ ಇದ್ರೆ ಬಂದು ನೋಡ್ರಿ."

ಸಂಘಮಿತ್ರ ಅದನ್ನು ಚಲಪತಿಗೆ ಕೇಳಿಸಿದಳು.

"ಸಿಕ್ಕಿಬಿದ್ದೋರೆಲ್ಲ ಹಿಂಗೇ ಹೇಳೋದು," ಎಂದ ಚಲಪತಿ.

"ಇರಬಹುದು. ಆದ್ರೆ ಆಯಮ್ಮ ಹೇಳಿದ್ದರಲ್ಲಿ ಒಂದಂತೂ ನಿಜ. ನಾವು ಕೇಳಲಿಲ್ಲ."

ಅವಳು ಕೈಚೀಲಕ್ಕೆ ನೀರಿನ ಬಾಟಲಿ ಹಾಕಿಕೊಂಡು ಮೇಲೂರಿಗೆಂದು ಶಿಡ್ಲಘಟ್ಟದ ಬಸ್ಸು ಹತ್ತಿದಳು.

ಮೇಲೂರಿನ ಆ ಫಿಲೇಚರ್‌ನ ಬಾಗಿಲಲ್ಲೇ ಬೆಂದ ರೇಷ್ಮೆಹುಳುವಿನ ವಾಸನೆ ಮೂಗಿಗೆ ಅಡರಿತು. ಒಳಗೆ ಉದ್ದಕ್ಕೂ ಬಿಸಿನೀರಿನ ತೊಟ್ಟಿಗಳು. ನೀರಲ್ಲಿ ಕುಣಿಯುವ ಗೂಡುಗಳಿಂದ ಹೆಂಗಸರು ಎಳೆ ಹಿಡಿದು ರಾಟೆಗೆ ಕೊಡುತ್ತಿದ್ದರು. ಯಂತ್ರಗಳ ಸದ್ದಿಗೆ ಪಕ್ಕದವರ ಮಾತೂ ಕೇಳುವಂತಿರಲಿಲ್ಲ. ತಲೆಗೆ ಟವೆಲು ಸುತ್ತಿದ್ದ ಎತ್ತರದ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ಬಂದು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ನಿಜವಾಗ್ಲೂ ಬಂದುಬಿಟ್ಯಾ!" ಎಂದಳು ಅಮ್ಮಾಜಮ್ಮ. ಅವಳ ಕೋಪ ಅರ್ಧ ಅಲ್ಲೇ ಇಳಿಯಿತು. "ಮೊದಲು ಟೀ ಕುಡಿ."

ಬಳಗದಲ್ಲಿ ಇದ್ದವರೆಲ್ಲ ಅಲ್ಲಿಯೇ ಇದ್ದರು. ಆಟ ಕಲಿಸಿದ್ದು ಬಿ.ಕಾಂ. ಓದಿ ಅಲ್ಲಿ ಲೆಕ್ಕ ಬರೆಯುತ್ತಿದ್ದ ಪ್ರಿಯಾಂಕ. ಊಟದ ಬಿಡುವಿನಲ್ಲಿ ತಾನೊಬ್ಬಳೇ ಆಡುತ್ತಿದ್ದಾಗ ಭುಜದ ಮೇಲಿಂದ ಇಣುಕಿದ ಅಮ್ಮಾಜಮ್ಮ, "ಆ ಕೆರೆ ತೂಬು ಮೊದಲು ಎತ್ತು, ಪೆದ್ದಿ" ಎಂದಿದ್ದಳಂತೆ. ಅಲ್ಲಿಂದ ಶುರು. ಇಂಟರ್‌ನೆಟ್ ಫಿಲೇಚರ್‌ನದು, ಅದಕ್ಕೇ ಒಂದೇ ಲೈನು.

"ಅದು ಸರಿ ಅಕ್ಕ. ಆದ್ರೆ ಮಾತೇ ಇಲ್ಲದೆ ಎಲ್ಲರೂ ಒಟ್ಟಿಗೆ ಹೆಂಗೆ ಆಡ್ತೀರಿ? ಅಲ್ಲೇ ನಮ್ಮೋರಿಗೆ ಅನುಮಾನ," ಎಂದಳು ಸಂಘಮಿತ್ರ.

ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕರು. "ನೋಡೇ ಬಿಡು," ಎಂದಳು ಅಮ್ಮಾಜಮ್ಮ.

ಪರೀಕ್ಷೆಗೆಂದು ಕಂಪನಿ ಇಟ್ಟುಕೊಂಡಿದ್ದ ಖಾತೆಗಳನ್ನು ಸಂಘಮಿತ್ರ ಅವರ ಫೋನುಗಳಲ್ಲಿ ತೆರೆದುಕೊಟ್ಟಳು. ಊಟದ ಹೊತ್ತು. ಅರ್ಧ ಜನ ಎದ್ದು ಬಂದು ಗೋಡೆಗೊರಗಿ ಕೂತರು, ಇನ್ನರ್ಧ ಜನರ ಯಂತ್ರಗಳು ಓಡುತ್ತಲೇ ಇದ್ದವು. ಆಟ ಶುರುವಾಯಿತು. ಶತ್ರು ಪಡೆ ಉತ್ತರದ ಬಾಗಿಲಿಗೆ ಬಂತು. ಅಮ್ಮಾಜಮ್ಮ ಮುಷ್ಟಿ ಬಿಗಿದು ಮೇಲೆತ್ತಿದಳು. ಸಾಲಿನ ಉದ್ದಕ್ಕೂ ಬೆರಳುಗಳು ಒಟ್ಟಿಗೆ ಆಡಿದವು, ಬಾಗಿಲು ಮುಚ್ಚಿತು. ತುದಿಯಲ್ಲಿದ್ದ ಆದಿಲಕ್ಷ್ಮಮ್ಮ ಎರಡು ಬೆರಳನ್ನು ಗಾಳಿಯಲ್ಲಿ ಸುತ್ತಿದಳು. ಎಲ್ಲ ಕೆರೆಯ ತೂಬೂ ಒಂದೇ ಸಲ ಎದ್ದಿತು. ಯಂತ್ರದ ಗದ್ದಲದಲ್ಲಿ ವರ್ಷಾನುಗಟ್ಟಲೆ ದುಡಿದ ಹೆಂಗಸರು. ಎಳೆ ಹರಿದರೆ ಒಂದು ಸನ್ನೆ, ನೀರು ಆರಿದರೆ ಒಂದು ಸನ್ನೆ, ಮೇಸ್ತ್ರಿ ಬಂದರೆ ಇನ್ನೊಂದು. ಆ ಸನ್ನೆಗಳನ್ನೇ ಕೋಟೆಗೂ ಒಗ್ಗಿಸಿಕೊಂಡಿದ್ದರು. ಅವರ ಬಾಯಿ ಮುಚ್ಚಿತ್ತು, ಕೈಗಳು ಸಂತೆಯಷ್ಟು ಗದ್ದಲ ಮಾಡುತ್ತಿದ್ದವು.

ಸಂಘಮಿತ್ರಳಿಗೆ ತಡೆಯಲಾಗದೆ ನಗು ಉಕ್ಕಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅಲ್ಲಿಂದಲೇ ಚಲಪತಿಗೆ ವಿಡಿಯೋ ಕರೆ ಮಾಡಿ ಫೋನನ್ನು ಅವರತ್ತ ಹಿಡಿದಳು.

"ಚಲಪತಿ, ನಿಮ್ಮ ಕಾವಲುಗಾರ ಹೇಳಿದ್ದೆಲ್ಲ ನಿಜ. ಲೈನ್ ಒಂದೇ, ಮಾತು ಇಲ್ಲ, ನಡೆ ಒಟ್ಟಿಗೆ. ಇವರು ಮನುಷ್ಯರು ಅನ್ನೋದೊಂದು ಮಾತ್ರ ಅವನಿಗೆ ಗೊತ್ತಾಗಲಿಲ್ಲ."

ಚಲಪತಿ ಬಹಳ ಹೊತ್ತು ನೋಡಿದ. "ಅಯ್ಯೋ, ಎಷ್ಟು ಚೆನ್ನಾಗಿ ಆಡ್ತಾರೆ!" ಎಂದಷ್ಟೇ ಹೇಳಿದ.

ಗಂಗಾಧರನನ್ನು ಒಪ್ಪಿಸುವುದು ಇಷ್ಟು ಸಲೀಸಾಗಲಿಲ್ಲ. ಅವನು ಕೆಟ್ಟವನಲ್ಲ, ಹೆದರಿದವನು. ಕಚೇರಿಯಲ್ಲಿ ಮೂವರೂ ಕೂತಾಗ ಅವನು ಕುರ್ಚಿಯಲ್ಲಿ ಅತ್ತಿತ್ತ ಮಿಸುಕಾಡಿದ.

"ಬೀಗ ಸುಮ್ನೆ ತೆಗೆದುಬಿಡಣ ಕಣಮ್ಮ. ಗೆದ್ದಿದ್ದು ಮಾತ್ರ ಸಿದ್ಧಾರ್ಥನ ಹೆಸರಲ್ಲೇ ಇರ್ಲಿ. ಈಗ ಅವನ ಕೈಯಿಂದ ಕಿತ್ಕೊಂಡ್ರೆ ಎದ್ದು ಹೋಗ್ತಾನೆ. ಅವನ ಹಿಂದೆ ಅರ್ಧ ಆಟ ಹೋಗುತ್ತೆ."

"ಸರ್, ಕಳ್ಳರು ಅಂದಿದ್ದು ಡಂಗುರ ಹೊಡೆದು. ಅಲ್ಲ ಅನ್ನೋದು ಮಾತ್ರ ಕಿವಿಯಲ್ಲಾ?"

"ಆಟ ಉಳೀಬೇಕಲ್ಲಮ್ಮ?"

"ನಮ್ಮ ಆಟ ಯಾಕೆ ಉಳಿದಿದೆ ಹೇಳಿ ಸರ್. ಚೆಂದ ಅಂತಾನಾ? ನಮ್ಮ ಮರಗಳು ಇವತ್ತಿಗೂ ಹೂಕೋಸಿನ ಥರ ಕಾಣ್ತವೆ. ಚೆಂದದ ಆಟಗಳೆಲ್ಲ ಬಂದು ಹೋದ್ವು. ದುಡ್ಡು ಕೊಟ್ಟೋನಿಗೆ ಗೆಲುವು ಮಾರಿದ್ವು, ದೂರು ಕೊಟ್ಟೋರಿಗೆ ಉತ್ತರಾನೇ ಕೊಡಲಿಲ್ಲ. ನಮ್ಮೋರು ಯಾಕೆ ಇದ್ದಾರೆ ಅಂದ್ರೆ, ಇಲ್ಲಿ ಸೋತ್ರೂ ಮೋಸದಿಂದ ಸೋತಿಲ್ಲ ಅನ್ನೋ ಧೈರ್ಯಕ್ಕೆ. ಅದೊಂದು ಹೋದ್ರೆ ಸಿದ್ಧಾರ್ಥ್ ಇದ್ದೂ ಏನು ಮಾಡ್ತಾನೆ? ಒಬ್ಬನೇ ಕೂತು ಯಾರ ಜೊತೆ ಆಡ್ತಾನೆ?"

ಗಂಗಾಧರ್ ಎದ್ದು ಕಿಟಕಿಯ ಹತ್ತಿರ ಹೋದ. ಕೆಳಗೆ ಅಂಗಡಿಯವರು ಲಾರಿಯಿಂದ ಪೈಪು ಇಳಿಸುತ್ತಿದ್ದರು. ಅತ್ತಲೇ ನೋಡುತ್ತ ಅವನು ಕೇಳಿದ: "ಕ್ಷಮೆ ಯಾರು ಕೇಳ್ತೀರಿ?"

"ಕಾವಲುಗಾರನ್ನ ಬರೆದೋನು ನಾನು," ಎಂದ ಚಲಪತಿ. "ನಾನೇ ಕೇಳ್ತೀನಿ."

ಭಾನುವಾರ ಬೆಳಗ್ಗೆ, ಎಲ್ಲ ಆಟಗಾರರೂ ನೋಡುವಂತೆ ಚಲಪತಿ ಮಾತಾಡಿದ. ತಪಾಸಣೆ ಎಲ್ಲಿ ತಪ್ಪಿತು ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಅಮ್ಮಾಜಮ್ಮನ ಒಪ್ಪಿಗೆ ಪಡೆದು ಆ ಸನ್ನೆಗಳ ವಿಡಿಯೋ ತೋರಿಸಿದ. ಗೆಲುವು ಗೂಡು ಬಳಗದ್ದು ಎಂದು ಸಾರಿದ. ಸಿದ್ಧಾರ್ಥ್ ಬೇಕೆಂದು ಸುಳ್ಳು ಹೇಳಿಲ್ಲ, ಅವನಿಗೆ ಕಂಡದ್ದು ಹೇಳಿದ, ಕೇಳದೆ ಬೀಗ ಹಾಕಿದ ತಪ್ಪು ನಮ್ಮದು ಎಂಬ ಮಾತನ್ನು ಸಂಘಮಿತ್ರ ಹಟ ಹಿಡಿದು ಸೇರಿಸಿದ್ದಳು. ಜೊತೆಗೆ ಹೊಸ ಕಟ್ಟಳೆಯೊಂದು ಬಂತು: ಇನ್ನು ಮುಂದೆ ಯಾರ ಮಾತೂ ಕೇಳದೆ ಯಾರ ಖಾತೆಗೂ ಬೀಗವಿಲ್ಲ, ಹಾಕಿದ ಬೀಗಕ್ಕೆ ಕಾರಣ ಹೇಳದೆ ಇರುವಂತಿಲ್ಲ.

ಸಿದ್ಧಾರ್ಥ್ ಅಂದೇ ಆಟ ಬಿಟ್ಟ. ಬೇರೊಂದು ಹೊಸ ಆಟಕ್ಕೆ ತನ್ನ ಪಡೆಯನ್ನು ಹೊಡೆದುಕೊಂಡು ಹೋದ. ಅವನ ಬೆಟ್ಟ ಬಿಕೋ ಎಂದಿತು. ಗಂಗಾಧರ್ ಬೆಳಗ್ಗೆ ಬಂದು ಆಡುವವರ ಸಂಖ್ಯೆ ನೋಡಿ ನೇರ ತನ್ನ ಕೋಣೆಗೆ ಹೋಗುತ್ತಿದ್ದ. ಅವನು ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಸಂಘಮಿತ್ರಳಿಗೆ. ನಾನೇ ಆಟಕ್ಕೆ ಮುಳುವಾದೆನೇನೋ ಎಂಬ ಹುಳು ಒಳಗೇ ಕೊರೆಯುತ್ತಿತ್ತು.

ಆಮೇಲೆ ಒಂದು ಸಂದೇಶ ಬಂತು. ತೊಂಡೇಬಾವಿಯ ಮುನಿಗಂಗಪ್ಪ ಎಂಬುವರು ಬರೆದಿದ್ದರು. "ಅಮ್ಮಾ, ನಾನು ರೈಲ್ವೆಯಲ್ಲಿದ್ದು ನಿವೃತ್ತನಾದವನು. ನಿಮ್ಮ ಆಟ ಶುರುವಾದಾಗಿನಿಂದ ಆಡುತ್ತಿದ್ದೆ. ಐದು ವರ್ಷದ ಹಿಂದೆ ನನ್ನ ಖಾತೆಗೂ ಬೀಗ ಬಿತ್ತು. ಹೇಳಿಕೊಂಡರೆ ಕೇಳುವವರು ಯಾರು ಎಂದು ಸುಮ್ಮನಾದೆ. ಮೇಲೂರಿನ ಹೆಂಗಸರ ಸುದ್ದಿ ನೋಡಿದೆ. ನನ್ನದನ್ನೂ ಒಮ್ಮೆ ನೋಡುತ್ತೀರಾ?"

ಅವಳು ನೋಡಿದಳು. ಅವರೂ ಸೊಸೆಯೂ ಒಂದೇ ಫೋನಿನಲ್ಲಿ ಸರದಿಯಂತೆ ಆಡುತ್ತಿದ್ದರು, ಅಷ್ಟೇ ಅವರ ಅಪರಾಧ. ಸಂಘಮಿತ್ರ ಬೀಗ ತೆಗೆದು, ‘ತಪ್ಪು ನಮ್ಮದು’ ಎಂದು ಬರೆದಳು. ಮುನಿಗಂಗಪ್ಪ ಆ ಉತ್ತರವನ್ನು ತಮಗೆ ಗೊತ್ತಿದ್ದವರಿಗೆಲ್ಲ ಕಳಿಸಿದರು. ಮಾರನೆಯ ದಿನದಿಂದ ಹಳೆಯ ಆಟಗಾರರ ಸಂದೇಶಗಳು ಸುರಿಯತೊಡಗಿದವು. ಅವಳೂ ಚಲಪತಿಯೂ ಹಳೆಯ ಬೀಗಗಳನ್ನೆಲ್ಲ ಒಂದೊಂದಾಗಿ ತೆರೆದು ಪರೀಕ್ಷಿಸಿದರು. ನಿಜವಾದ ಕಳ್ಳರೂ ಇದ್ದರು, ಅವರ ಬೀಗ ಹಾಗೇ ಉಳಿಯಿತು, ಕಾರಣವೂ ಅವರ ಕೈಸೇರಿತು. ಉಳಿದವರು ಹಬ್ಬಕ್ಕೆ ತವರಿಗೆ ಬಂದವರಂತೆ ಬಂದರು. ಬಂದವರು ಅಣ್ಣತಮ್ಮಂದಿರನ್ನು, ಅತ್ತಿಗೆಯರನ್ನು, ಆಫೀಸಿನ ಗೆಳೆಯರನ್ನು ಕರೆತಂದರು. ಬಿಕೋ ಎನ್ನುತ್ತಿದ್ದ ಬೆಟ್ಟದಲ್ಲಿ ಮತ್ತೆ ರಾಗಿ ಮೊಳೆಯಿತು. ಗಂಗಾಧರ್ ಒಂದು ಬೆಳಗ್ಗೆ ಸಂಖ್ಯೆ ನೋಡಿದವನು ಕೋಣೆಗೆ ಹೋಗದೆ ಕೆಳಗಿಳಿದು, ಇಡೀ ಕಚೇರಿಗೆ ಬಿಸಿ ಬಿಸಿ ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದ.

ಮಳೆಗಾಲ ಮುಗಿಯುವ ಹೊತ್ತಿಗೆ ಸಿದ್ಧಾರ್ಥನ ಫೋನು ಬಂತು. ಮಾತಿನ ಮಲ್ಲನ ಬಾಯಲ್ಲಿ ಮಾತು ತಡವರಿಸುತ್ತಿತ್ತು. ಅವನು ಹೋದ ಹೊಸ ಆಟದಲ್ಲಿ ಕಾರಣವಿಲ್ಲದೆ ಅವನ ಖಾತೆಯನ್ನೇ ಅಳಿಸಿಹಾಕಿದ್ದರು. ಎಷ್ಟು ಬರೆದರೂ ಅತ್ತಲಿಂದ ಯಂತ್ರದ ಉತ್ತರವೇ ಹೊರತು ಮನುಷ್ಯರ ಸದ್ದಿಲ್ಲ.

"ಮೇಡಂ, ನನ್ನ ಮೇಲೂ ಅಲ್ಲಿ ಏನಾದ್ರೂ ಬೀಗ ಇದ್ಯಾ?"

"ನೀನು ಯಾವ ನಿಯಮ ಮುರಿದಿದ್ದೀಯಪ್ಪ, ಬೀಗ ಹಾಕೋಕೆ? ನಿನ್ನ ಕೋಟೆ ಹೆಂಗಿತ್ತೋ ಹಂಗೇ ಇದೆ. ಬಾ."

ಅವನು ಆಟಕ್ಕೆ ಮರಳುವ ಮೊದಲು ಮೇಲೂರಿಗೆ ಹೋದ. ಫಿಲೇಚರ್‌ನ ಬಾಗಿಲಲ್ಲಿ ಕೈ ಜೋಡಿಸಿ ನಿಂತ ಹುಡುಗನನ್ನು ಅಮ್ಮಾಜಮ್ಮ ಒಳಗೆ ಕರೆದು, "ಮನುಷ್ಯರು ಹೌದಾ ಅಲ್ವಾ ನೋಡ್ಕೋ" ಎಂದು ಅವನ ಕೆನ್ನೆ ಹಿಂಡಿ ಟೀ ಕೊಟ್ಟಳಂತೆ. ಅದನ್ನೂ ಅವನು ಯೂಟ್ಯೂಬಿನಲ್ಲಿ ತೋರಿಸಿದ.

ಮುಂದಿನ ಮಹಾ ಮುತ್ತಿಗೆ ಚಿಕ್ಕಬಳ್ಳಾಪುರದ ಒಂದು ಕಲ್ಯಾಣ ಮಂಟಪದಲ್ಲಿ, ಜನರೆದುರೇ ನಡೆಯಿತು. ಮದುಮಕ್ಕಳು ಕೂರುವ ವೇದಿಕೆಯಲ್ಲಿ ಎರಡು ತಂಡಗಳು, ಹಿಂದೆ ದೊಡ್ಡ ಪರದೆ. ಕೂರಲು ಜಾಗವಿಲ್ಲದೆ ಜನ ಮೆಟ್ಟಿಲ ಮೇಲೆ ನಿಂತಿದ್ದರು. ಮುನಿಗಂಗಪ್ಪ ಸೊಸೆಯ ಜೊತೆ ಮುಂದಿನ ಸಾಲಿನಲ್ಲಿದ್ದರು. ಫೈನಲ್‌ಗೆ ಬಂದದ್ದು ಮತ್ತೆ ಸಿಡಿಲು ಪಡೆ ಮತ್ತು ಗೂಡು ಬಳಗ. ಈ ಸಲ ಸಿದ್ಧಾರ್ಥ್ ತಯಾರಾಗಿ ಬಂದಿದ್ದ. ಎರಡು ಬೆಟ್ಟ ಅವನ ವಶವಾದವು, ಮೂರನೆಯದೂ ಅಲುಗಾಡಿತು. ಅಮ್ಮಾಜಮ್ಮ ಎರಡೂ ಕೈಯನ್ನು ನೆತ್ತಿಯ ಮೇಲೆ ಕತ್ತರಿಯಂತೆ ಹಿಡಿದಳು. ಯಾರೂ ನೋಡಿರದ ಸನ್ನೆ. ಗೂಡು ಬಳಗದವರು ತಮ್ಮ ಕೋಟೆಯ ಬಾಗಿಲನ್ನೇ ತೆರೆದುಬಿಟ್ಟರು. ಸಿಡಿಲು ಪಡೆ ಹೋ ಎಂದು ಒಳಗೆ ನುಗ್ಗಿದ್ದೇ ತಡ, ಮೇಲಿನ ಎಲ್ಲ ಕೆರೆಗಳ ತೂಬೂ ಎದ್ದು ನೀರು ಧೋ ಎಂದು ಇಳಿಯಿತು. ಪರದೆಯ ತುಂಬ ನೀರು. ಮಂಟಪದ ಮಾಡು ಹಾರಿಹೋಗುವಂಥ ಕೂಗು.

ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದವನು ಸಿದ್ಧಾರ್ಥ್. ಅವನ ಹುಡುಗರೂ ಎದ್ದರು. ಅಮ್ಮಾಜಮ್ಮ ಮೈಕು ಕಿತ್ತುಕೊಂಡು, "ಮುಂದಿನ ವರ್ಷ ಚಿಂತಾಮಣಿ ಟೊಮೆಟೊ ಮಂಡಿಯೋರೂ ಬರ್ಲಿ, ನಂದಿ ದ್ರಾಕ್ಷಿ ತೋಟದೋರೂ ಬರ್ಲಿ, ನೋಡೇಬಿಡಣ!" ಎಂದು ಸವಾಲು ಹಾಕಿದಳು. ಗಂಗಾಧರ್ ಸಂಘಮಿತ್ರಳನ್ನು ವೇದಿಕೆಗೆ ಎಳೆದುಕೊಂಡು ಹೋಗಿ, ಇನ್ನು ಮುಂದೆ ಆಟದಲ್ಲಿ ಇವಳ ತೀರ್ಪೇ ಕೊನೆಯದು, ನನ್ನದೂ ಅದರ ಮೇಲಿಲ್ಲ ಎಂದು ಸಾರಿದ. ಅವಳ ಕೆಳಗೆ ಮೂವರು ಕೆಲಸಕ್ಕೆ ಬರುವರೆಂದೂ, ಮೊದಲನೆಯವಳು ಮೇಲೂರಿನ ಪ್ರಿಯಾಂಕ ಎಂದೂ ಹೇಳಿದ. ಜನ ‘ಮಿತ್ರಕ್ಕಾ, ಮಿತ್ರಕ್ಕಾ’ ಎಂದು ಕೂಗತೊಡಗಿದರು.

ಕೆಳಗಿಳಿಯುತ್ತಿದ್ದಂತೆ ಸಿಡಿಲು ಪಡೆಯ ಒಬ್ಬ ಸಣಕಲ ಯುವಕ ಅಡ್ಡ ಬಂದು ನಿಂತ.

"ಮೇಡಂ, ಒಂದು ದೂರಿದೆ. ಆ ಕತ್ತರಿ ಸನ್ನೆ ಮಾಡುವಾಗ ಆಯಮ್ಮನ ಬಳೆ ಸದ್ದಿಗೆ ನನ್ನ ಗಮನ ತಪ್ಪಿತು."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಸಂಘಮಿತ್ರ ನಗಲಿಲ್ಲ. ವೇದಿಕೆಯ ಅಂಚಿಗೆ ಕೂತು, ಪಕ್ಕದಲ್ಲಿ ಅವನಿಗೂ ಜಾಗ ಮಾಡಿಕೊಟ್ಟಳು.

"ಹೇಳಪ್ಪ. ಮೊದಲಿನಿಂದ ಹೇಳು."